ಗಂಜಿಯ ಋಣ: ಲಂಕೆಯಲ್ಲಿ ಧರ್ಮಸಭೆ ಮರುಹುಟ್ಟು ಪಡೆದ ಬಗೆ

ಜನವರಿ ತಿಂಗಳ 16ರಂದು ಸಂತ ಜೋಸೆಫ್ ವಾಜರ ಹಬ್ಬ. ಮೂರು ರಾಯರ ಹಬ್ಬ ಮುಗಿದು, ಗೋದಲಿಯನ್ನು ಬಿಚ್ಚಿ ಪೆಟ್ಟಿಗೆಗೆ ಸೇರಿಸಿ, ಮಕ್ಕಳು ಮತ್ತೆ ಶಾಲೆಯ ದಾರಿ ಹಿಡಿದ ಮೇಲೆ ಬರುವ ಈ ಹಬ್ಬ ನಮ್ಮ ಅನೇಕ ಧರ್ಮಕೇಂದ್ರಗಳಲ್ಲಿ ಸದ್ದಿಲ್ಲದೆ ದಾಟಿಹೋಗುತ್ತದೆ. ಕರಾವಳಿಯ ಭಕ್ತರಿಗೆ ಮುಡಿಪು ಬೆಟ್ಟದ ಯಾತ್ರೆಯಿಂದಾಗಿ ಇವರ ಪರಿಚಯವುಂಟು. ಘಟ್ಟದ ಮೇಲಿನ ನಮ್ಮಲ್ಲಿ ಹಲವರಿಗೆ ಇವರು ಪಂಚಾಂಗದ ಒಂದು ಹೆಸರು, ಅಷ್ಟೆ. ಆದರೆ ಹೊಸ ಧರ್ಮಕೇಂದ್ರವೊಂದನ್ನು ಕಟ್ಟಲು ಹೊರಟಿರುವ ಯಾವ ಊರಿನವರೇ ಆಗಲಿ, ಈ ಗೋವೆಯ ಗುರುವಿನ ಬದುಕನ್ನು ಒಮ್ಮೆ ಓದಿಕೊಂಡರೆ ಲಾಭವಿದೆ ಎಂದು ನಮಗೆ ತೋರುತ್ತದೆ.

ಏಕೆಂದರೆ ನಮ್ಮ ನಗರಗಳ ಅಂಚಿನಲ್ಲಿ ಇಂದು ಹೊಸ ಬಡಾವಣೆಗಳು ಬೆಳೆಯುತ್ತಿವೆ. ಅಲ್ಲಿಗೆ ಹೋಗಿ ನೆಲೆಸಿದ ಕ್ರೈಸ್ತ ಕುಟುಂಬಗಳು ಒಂದೆಡೆ ಸೇರಿದಾಗ ಮೊದಲು ಬರುವ ಮಾತು ಯಾವುದು? ನಿವೇಶನ. ಎರಡನೆಯದು, ಕಟ್ಟಡ ನಿಧಿ. ಮೂರನೆಯದು, ಯಾರ ಹೆಸರಿನಲ್ಲಿ ದೇವಾಲಯ ಎಂಬ ಚರ್ಚೆ. ಪಕ್ಕದ ರಸ್ತೆಯಲ್ಲಿ ಹಾಸಿಗೆ ಹಿಡಿದಿರುವ ಅಜ್ಜಿಗೆ ಪರಮಪ್ರಸಾದ ತಲುಪುತ್ತಿದೆಯೇ, ಊರಿಗೆ ಹೊಸದಾಗಿ ಬಂದ ಬಾಣಂತಿಯ ಮನೆಯಲ್ಲಿ ಅಡುಗೆಗೆ ಯಾರಿದ್ದಾರೆ ಎಂಬ ಮಾತು ನಾಲ್ಕನೆಯದಾಗಿಯಾದರೂ ಬರುತ್ತದೆಯೋ ಇಲ್ಲವೋ! ಕಟ್ಟಡ ಬೇಡವೆಂದು ನಾವು ಹೇಳುತ್ತಿಲ್ಲ. ಮಳೆ ಬಂದಾಗ ಸೂರು ಬೇಕೇ ಬೇಕು. ಆದರೆ ಸೂರಿಲ್ಲದೆ, ನಿಧಿಯಿಲ್ಲದೆ, ಬಹುಕಾಲ ಗುರುವೂ ಇಲ್ಲದೆ ಒಂದು ಸಭೆ ಹೇಗೆ ಎದ್ದು ನಿಂತಿತು ಎಂಬುದಕ್ಕೆ ಚರಿತ್ರೆಯಲ್ಲಿ ಸಾಕ್ಷಿಯಿದೆ. ಅದು ನಡೆದದ್ದು ನಮ್ಮಿಂದ ಬಹಳ ದೂರವಲ್ಲದ ಲಂಕೆಯಲ್ಲಿ, ಹದಿನೇಳನೆಯ ಶತಮಾನದ ಕೊನೆಯಲ್ಲಿ.

ಮೊದಲು ಅಲ್ಲಿಯ ಪರಿಸ್ಥಿತಿ ಏನಿತ್ತು ನೋಡೋಣ. ಸುಮಾರು ಒಂದೂವರೆ ಶತಮಾನ ಕಾಲ ಲಂಕೆಯ ಕರಾವಳಿ ಪೋರ್ಚುಗೀಸರ ಹಿಡಿತದಲ್ಲಿತ್ತು. ಅವರ ಕಾಲದಲ್ಲಿ ಸಾವಿರಾರು ಜನ ಕ್ರೈಸ್ತರಾದರು, ದೊಡ್ಡ ದೊಡ್ಡ ಇಗರ್ಜಿಗಳು ಎದ್ದವು. ಆ ಕಾಲದಲ್ಲಿ ನಡೆದದ್ದೆಲ್ಲವೂ ಸುವಾರ್ತೆಗೆ ಶೋಭೆ ತರುವಂತಹುದಲ್ಲ. ಅಧಿಕಾರದ ನೆರಳಿನಲ್ಲಿ ಬೆಳೆದ ಧರ್ಮಕ್ಕೆ ಅಧಿಕಾರ ಹೋದಾಗ ಏನಾಗುತ್ತದೆ ಎಂಬುದನ್ನು ಲಂಕೆ ಕಂಡಿತು. 1656ರಲ್ಲಿ ಕೊಲಂಬೊ, 1658ರಲ್ಲಿ ಜಾಫ್ನಾ ಡಚ್ಚರ ವಶವಾದವು. ಡಚ್ಚರು ಪ್ರೊಟೆಸ್ಟೆಂಟ್ ಪಂಥದವರು. ಕಥೋಲಿಕ ಗುರುಗಳನ್ನೆಲ್ಲ ಹೊರಹಾಕಿದರು. ಗುರುವೊಬ್ಬನನ್ನು ಮನೆಯಲ್ಲಿ ಬಚ್ಚಿಟ್ಟವನಿಗೆ ಮರಣದಂಡನೆ ಎಂದು ಡಂಗುರ ಹೊಡೆಸಿದರು. ಇಗರ್ಜಿಗಳು ಅವರ ಪ್ರಾರ್ಥನಾಲಯಗಳಾದವು. ಮದುವೆಯಾಗಬೇಕೆಂದರೂ, ಮಗುವಿಗೆ ದೀಕ್ಷಾಸ್ನಾನವಾಗಬೇಕೆಂದರೂ ಅಲ್ಲಿಯೇ ಹೋಗಿ ದಾಖಲಿಸಬೇಕಾಯಿತು. ಹೀಗೆ ಸುಮಾರು ಮೂವತ್ತು ವರ್ಷ! ಒಂದು ತಲೆಮಾರು ಬಲಿಪೂಜೆಯನ್ನೇ ಕಾಣದೆ ಬೆಳೆದು, ತನ್ನ ಮಕ್ಕಳಿಗೆ ತಾನು ಕೇಳಿದ್ದ ಜಪಗಳನ್ನು ಅರ್ಧಂಬರ್ಧ ಕಲಿಸಿತು.

ಈ ಸುದ್ದಿ ಗೋವೆಗೆ ಮುಟ್ಟಿದಾಗ ನಿದ್ದೆಗೆಟ್ಟವರಲ್ಲಿ ಜೋಸೆಫ್ ವಾಜ್ ಒಬ್ಬರು. ಇವರು ಹುಟ್ಟಿದ್ದು 1651ರ ಏಪ್ರಿಲ್ 21ರಂದು, ಸಾಷ್ಟಿ ಪ್ರಾಂತ್ಯದ ಬೆನಾವ್ಲಿಯಲ್ಲಿ, ತಾಯಿಯ ತವರಿನಲ್ಲಿ. ತಂದೆಯ ಊರು ಸಾಂಕ್ವಾಳ. ಕೊಂಕಣಿ ಮನೆಮಾತಿನ ಬ್ರಾಹ್ಮಣ ಮೂಲದ ಕ್ರೈಸ್ತ ಕುಟುಂಬ. 1676ರಲ್ಲಿ ಗುರುದೀಕ್ಷೆ ಪಡೆದರು. ಆ ಮೇಲೆ ಬಡವರಂತೆ ತಾವೂ ಬರಿಗಾಲಲ್ಲಿ ನಡೆಯತೊಡಗಿದರು. 1677ರಲ್ಲಿ ಮಾತೆ ಮರಿಯಮ್ಮನವರಿಗೆ ತಮ್ಮನ್ನು ದಾಸನಾಗಿ ಒಪ್ಪಿಸಿಕೊಂಡು ಒಂದು ಪತ್ರವನ್ನೇ ಬರೆದಿಟ್ಟರು.

ಲಂಕೆಗೆ ಹೋಗುವ ಆಸೆ ಇತ್ತಾದರೂ ಗೋವೆಯವರು ಅವರನ್ನು 1681ರಲ್ಲಿ ಕಳುಹಿಸಿದ್ದು ನಮ್ಮ ಕನ್ನಡ ಕರಾವಳಿಗೆ. ಆಗ ಇಲ್ಲಿ ಕೆಳದಿ ರಾಣಿ ಚೆನ್ನಮ್ಮನ ಆಳ್ವಿಕೆ. ಮಂಗಳೂರು, ಬಸ್ರೂರು, ಕಲ್ಯಾಣಪುರ, ಕುಂದಾಪುರ, ಗಂಗೊಳ್ಳಿ, ಹೊನ್ನಾವರ, ಹೀಗೆ ಹೊಳೆ ದಾಟಿ, ಗದ್ದೆಬದು ಹಿಡಿದು ಅವರು ನಡೆದ ದಾರಿ ಇಂದಿನ ಮೂರು ಜಿಲ್ಲೆಗಳಷ್ಟು ಉದ್ದ. ಬಿದ್ದುಹೋಗಿದ್ದ ಪ್ರಾರ್ಥನಾಲಯಗಳನ್ನು ಎತ್ತಿ ನಿಲ್ಲಿಸಿದರು, ಮಕ್ಕಳಿಗೆ ಚಿಕ್ಕ ಶಾಲೆಗಳನ್ನು ತೆರೆದರು, ಊರೂರಲ್ಲಿ ಭಕ್ತರ ಸಂಘಗಳನ್ನು ಕಟ್ಟಿದರು. ಮುಡಿಪು ಬೆಟ್ಟದ ಕಥೆ ಈ ಕಾಲದ್ದು. ರೋಗಿಯೊಬ್ಬನಿಗೆ ಅಂತಿಮ ಅಭ್ಯಂಗ ಕೊಡಬೇಕೆಂದು ಸುಳ್ಳು ಹೇಳಿ ಕರೆದೊಯ್ದ ದುರುಳರು ಅವರನ್ನು ಕೊಲ್ಲಲು ಹೊಂಚು ಹಾಕಿದ್ದರೆಂದೂ, ಅವರು ಮೊಣಕಾಲೂರಿ ಪ್ರಾರ್ಥಿಸಿದ ಜಾಗದಲ್ಲಿ ನೀರು ಚಿಮ್ಮಿತೆಂದೂ ಹಿರಿಯರು ಹೇಳುತ್ತಾ ಬಂದಿದ್ದಾರೆ. ಯಾತ್ರಿಕರು ಇಂದಿಗೂ ಆ ನೀರನ್ನು ತುಂಬಿಕೊಂಡು ಹೋಗುತ್ತಾರೆ. ಪವಾಡದ ಮಾತು ಹಾಗಿರಲಿ. ರೋಗಿಯ ಹೆಸರು ಹೇಳಿ ಕರೆದರೆ ಈ ಮನುಷ್ಯ ಯಾವ ಹೊತ್ತಿನಲ್ಲೂ ಹೊರಟು ಬರುತ್ತಾನೆ ಎಂಬುದು ಕೊಲ್ಲಬಂದವರಿಗೂ ತಿಳಿದಿತ್ತಲ್ಲ, ಅದನ್ನು ನಾವು ಗಮನಿಸಬೇಕು.

ಈ ಮೂರು ವರ್ಷ ಅವರಿಗೆ ಸುಖದ ಕಾಲವೇನೂ ಆಗಿರಲಿಲ್ಲ. ಪೋರ್ಚುಗಲ್ ರಾಜನ ರಕ್ಷಣೆಯಲ್ಲಿದ್ದ ಗೋವೆಯ ಮಹಾಧರ್ಮಾಧ್ಯಕ್ಷರ ಕಡೆಯವರು ಒಂದು ಪಕ್ಷ. ರೋಮಿನಿಂದ ನೇರವಾಗಿ ನೇಮಕಗೊಂಡು ಬಂದಿದ್ದ, ತಾವೂ ಗೋವೆಯವರೇ ಆಗಿದ್ದ ಧರ್ಮಾಧ್ಯಕ್ಷ ತೋಮಸ್ ದೆ ಕಾಸ್ತ್ರೊ ಇನ್ನೊಂದು ಪಕ್ಷ. ಮಂಗಳೂರಿನ ಮಿಲಾಗ್ರಿಸ್ ಇಗರ್ಜಿಯನ್ನು 1680ರಲ್ಲಿ ಸ್ಥಾಪಿಸಿದವರು ಇವರೇ. ಯಾರು ಕೊಟ್ಟ ಸಂಸ್ಕಾರ ಸಿಂಧು, ಯಾರದು ಅಸಿಂಧು ಎಂಬ ಜಗಳದಲ್ಲಿ ಸಾಮಾನ್ಯ ಜನ ನುಜ್ಜುಗುಜ್ಜಾದರು. ಗೋವೆಯ ಪರವಾಗಿ ಬಂದಿದ್ದ ಜೋಸೆಫ್ ವಾಜರು ವಾದ ಗೆಲ್ಲುವುದಕ್ಕಿಂತ ಜನರ ಮನಸ್ಸಿಗೆ ಸಮಾಧಾನವಾಗುವುದು ಮುಖ್ಯವೆಂದು ಎರಡೂ ಕಡೆಗೆ ಓಲೆ ಬರೆದು, ಧರ್ಮಾಧ್ಯಕ್ಷರನ್ನು ಕಂಡು ಮಾತಾಡಿ, ರಾಜಿಗೆ ದುಡಿದರು. ದೊಡ್ಡವರ ಜಗಳದಲ್ಲಿ ಚಿಕ್ಕವರು ಸೊರಗುವುದು ಹೊಸ ಸಂಗತಿಯಲ್ಲ. ನಮ್ಮ ಧರ್ಮಕೇಂದ್ರಗಳಲ್ಲಿ ಇಂದಿಗೂ ಎರಡು ಗುಂಪುಗಳ ನಡುವೆ ಹಬ್ಬದ ತೇರು ನಿಂತುಹೋದ ಉದಾಹರಣೆಗಳು ಬೇಕಾದಷ್ಟಿವೆ.

1684ರಲ್ಲಿ ಗೋವೆಗೆ ಮರಳಿದರು. ಮರುವರ್ಷ ಕೆಲವು ಸ್ಥಳೀಯ ಗುರುಗಳ ಜೊತೆ ಸೇರಿ ಒಂದೇ ಸೂರಿನಡಿ ಬಾಳತೊಡಗಿದರು. ಸಂತ ಫಿಲಿಪ್ ನೇರಿಯವರ ಒರೇಟರಿ ಪದ್ಧತಿಯನ್ನು ಅನುಸರಿಸಿದ ಈ ಸಂಘವೇ ಮುಂದೆ ಲಂಕೆಗೆ ಗುರುಗಳನ್ನು ಒದಗಿಸಿದ ತಾಯಿಮನೆ. ಇಲ್ಲಿ ಒಂದು ಕಹಿ ಮಾತನ್ನೂ ಹೇಳಬೇಕು. ಆ ಕಾಲದ ಗೋವೆಯ ಪದ್ಧತಿಯಂತೆ ಈ ಸಂಘಕ್ಕೆ ಬ್ರಾಹ್ಮಣ ಮೂಲದವರನ್ನು ಮಾತ್ರ ಸೇರಿಸಿಕೊಳ್ಳುತ್ತಿದ್ದರು. ಶಿಲುಬೆಯ ಕೆಳಗೂ ಜಾತಿಯ ಗೆರೆ ಅಳಿಸಿರಲಿಲ್ಲ. ಇದನ್ನು ಮರೆಮಾಚಿ ಸಂತರ ಕಥೆ ಹೇಳುವುದು ಸರಿಯಲ್ಲ. ಅಂತಹ ಮನೆಯಿಂದ ಹೊರಟವರು ಮುಂದೆ ಯಾರ ಮನೆಯ ಹೊಸಿಲಲ್ಲಿ ಕುಳಿತು ಉಂಡರು, ಯಾರ ಹುಣ್ಣು ತೊಳೆದರು ಎಂಬುದನ್ನು ಓದುವಾಗ ಈ ಹಿನ್ನೆಲೆ ನಮ್ಮ ನೆನಪಿನಲ್ಲಿರಲಿ.

1686ರಲ್ಲಿ ಜೊವಾಂವ್ ಎಂಬ ಮನೆಯಾಳು ಹುಡುಗನನ್ನು ಜೊತೆ ಮಾಡಿಕೊಂಡು ಅವರು ಗೋವೆಯನ್ನು ಬಿಟ್ಟರು. ಮತ್ತೆ ನಮ್ಮ ಕರಾವಳಿಯನ್ನೇ ಹಾದು, ಕೊಲ್ಲಂ ದಾಟಿ ತೂತ್ತುಕುಡಿಗೆ ಬಂದರು. ಅಲ್ಲಿಂದ ಮುಂದೆ ಗುರುವಿನ ನಿಲುವಂಗಿ ಧರಿಸಿ ಹೋಗುವಂತಿರಲಿಲ್ಲ. ಕೂಲಿಯವನ ವೇಷ, ಹರಕು ಬಟ್ಟೆ. 1687ರಲ್ಲಿ ಜಾಫ್ನಾ ತಲುಪಿದಾಗ ಇಬ್ಬರಿಗೂ ನಿಲ್ಲಲು ತ್ರಾಣವಿರಲಿಲ್ಲ. ಕಡಲ ಪ್ರಯಾಣದ ಹಸಿವು ಬಾಯಾರಿಕೆ, ಮೇಲೆ ಆಮಶಂಕೆ. ಅಂಟುರೋಗದವರೆಂದು ಹೆದರಿದ ಜನ ಅವರನ್ನು ಊರಿನಿಂದ ಹೊರಗೆ ದಬ್ಬಿದರು. ಕಾಡಿನ ಅಂಚಿನಲ್ಲಿ ಬಿದ್ದುಕೊಂಡಿದ್ದ ಆ ಇಬ್ಬರು ಭಿಕ್ಷುಕರ ಬಳಿಗೆ ಒಬ್ಬ ಬಡ ಹೆಂಗಸು ದಿನವೂ ಗಂಜಿ ತಂದು ಕೊಟ್ಟಳೆಂದು ಅವರ ಜೀವನಚರಿತ್ರೆ ಹೇಳುತ್ತದೆ. ಅವಳ ಗಂಜಿಯಿಂದ ಅವರು ಬದುಕಿಕೊಂಡರು.

ಇಲ್ಲಿ ಸ್ವಲ್ಪ ನಿಲ್ಲೋಣ. ಮೂವತ್ತು ವರ್ಷಗಳ ನಂತರ ಈ ದ್ವೀಪಕ್ಕೆ ಒಬ್ಬ ಗುರು ಬಂದಿದ್ದಾನೆ. ಬಂದವನು ಬೋಧಿಸಲಿಲ್ಲ, ಬಲಿಪೂಜೆ ಅರ್ಪಿಸಲಿಲ್ಲ, ಯಾರನ್ನೂ ಉದ್ಧಾರ ಮಾಡಲಿಲ್ಲ. ಅವನಿಗೇ ಊಟ ಹಾಕಬೇಕಾಯಿತು. ಗಂಜಿ ತಂದವಳಿಗೆ ತಾನು ಯಾರಿಗೆ ಬಡಿಸುತ್ತಿದ್ದೇನೆ ಎಂಬುದೂ ಗೊತ್ತಿರಲಿಲ್ಲ. ಅವಳು ಯಾವ ಧರ್ಮದವಳೆಂದು ಕೇಳುವ ಅಗತ್ಯವೂ ನಮಗಿಲ್ಲ. ಆದರೆ ಲಂಕೆಯ ಹೊಸ ಧರ್ಮಸಭೆಯ ಮೊದಲ ಸೇವೆ ಗುರು ಮಾಡಿದ್ದಲ್ಲ, ಗುರು ಪಡೆದದ್ದು. ಸೇವೆ ಎಂದರೆ ಇದ್ದವರು ಇಲ್ಲದವರಿಗೆ ಕೊಡುವುದೆಂದು ನಾವು ಸಾಮಾನ್ಯವಾಗಿ ತಿಳಿಯುತ್ತೇವೆ. ಸಾಲಾಗಿ ಕುರ್ಚಿ ಹಾಕಿ, ಬ್ಯಾನರ್ ಕಟ್ಟಿ, ಬಡವರಿಗೆ ಅಕ್ಕಿ ಹಂಚಿ ಛಾಯಾಚಿತ್ರ ತೆಗೆಸುತ್ತೇವೆ. ಬಡವನ ಕೈಯಿಂದ ತಾನೇ ಪಡೆದು ಉಂಡವನು ಬಡವರ ಮಧ್ಯೆ ಬೇರೆಯೇ ರೀತಿಯಲ್ಲಿ ಕುಳಿತುಕೊಳ್ಳುತ್ತಾನೆ.

ಚೇತರಿಸಿಕೊಂಡ ಮೇಲೆ ಹೊಸ ಸಮಸ್ಯೆ ಎದುರಾಯಿತು. ಕಥೋಲಿಕರು ಯಾರು ಎಂದು ಕಂಡುಹಿಡಿಯುವುದು ಹೇಗೆ? ಬಾಯಿಬಿಟ್ಟು ಕೇಳಿದರೆ ಡಚ್ಚರ ಬೇಹುಗಾರನ ಕೈಗೆ ಸಿಕ್ಕಬಹುದು. ಭಯದಿಂದ ಎಲ್ಲರೂ ಪ್ರೊಟೆಸ್ಟೆಂಟರಂತೆಯೇ ನಡೆದುಕೊಳ್ಳುತ್ತಿದ್ದರು. ಜೋಸೆಫ್ ವಾಜರು ಒಂದು ಜಪಸರವನ್ನು ಕೊರಳಿಗೆ ಹಾಕಿಕೊಂಡು ಮನೆಮನೆಗೆ ಭಿಕ್ಷೆಗೆ ಹೊರಟರು. ಕೆಲವರು ಅದನ್ನು ನೋಡಿ ಬಾಗಿಲು ಹಾಕಿಕೊಂಡರು. ಕೆಲವರಿಗೆ ಅದು ಏನೆಂಬುದೇ ತಿಳಿಯಲಿಲ್ಲ. ಆದರೆ ಕೆಲವು ಮನೆಗಳಲ್ಲಿ ಆ ಮಣಿಗಳ ಮೇಲೆ ನೆಟ್ಟ ಕಣ್ಣು ಅಲ್ಲಿಂದ ಕದಲಲಿಲ್ಲ. ಅಂತಹ ಮನೆಗಳನ್ನು ನೆನಪಿಟ್ಟುಕೊಂಡು ಮತ್ತೆ ಮತ್ತೆ ಹೋದರು. ಕೊನೆಗೆ ಒಂದು ಮನೆಯಲ್ಲಿ ತಾವು ಗುರುವೆಂದು ಹೇಳಿಕೊಂಡರು. ಒಂದು ಮನೆ ನಾಲ್ಕಾಯಿತು, ನಾಲ್ಕು ಹತ್ತಾಯಿತು. ರಾತ್ರಿಯ ಹೊತ್ತು, ಬಾಗಿಲು ಮುಚ್ಚಿ, ಕಾವಲಿಗೆ ಒಬ್ಬರನ್ನು ನಿಲ್ಲಿಸಿ ಬಲಿಪೂಜೆ. ಬೆಳಗಾಗುವುದರೊಳಗೆ ಮತ್ತೆ ಭಿಕ್ಷುಕ.

ನಂತರ ಅವರು ಜಾಫ್ನಾದ ಸಮೀಪದ ಸಿಲ್ಲಾಲೈ ಎಂಬ ಹಳ್ಳಿಯನ್ನು ನೆಲೆ ಮಾಡಿಕೊಂಡರು. ಅಲ್ಲಿಯ ಕಥೋಲಿಕರು ಗಟ್ಟಿಮನಸ್ಸಿನವರು. ಸುಮಾರು ಎರಡು ವರ್ಷ ಅವರು ಈ ಗುರುವನ್ನು ಮನೆಯಿಂದ ಮನೆಗೆ ಸಾಗಿಸಿ ಕಾಪಾಡಿದರು. ಬಚ್ಚಿಟ್ಟವರಿಗೆ ಮರಣದಂಡನೆ ಎಂಬ ಕಾನೂನು ಹಾಗೆಯೇ ಇತ್ತು ಎಂಬುದನ್ನು ಮರೆಯಬಾರದು. ಒಂದು ರಾತ್ರಿಗೆ ಜಾಗ ಕೊಡುವುದು, ಬೆಳಗಿನ ಜಾವ ಮುಂದಿನ ಹಳ್ಳಿಯವರೆಗೆ ದಾರಿ ತೋರಿಸುವುದು, ಅಪರಿಚಿತರು ಬಂದರೆ ಸುದ್ದಿ ಮುಟ್ಟಿಸುವುದು, ಇವು ಬರೆದರೆ ಒಂದು ಸಾಲಿನ ಕೆಲಸಗಳು. ಮಾಡಿದವರಿಗೆ ಪ್ರತಿಯೊಂದರ ಹಿಂದೆ ಪ್ರಾಣಭಯವಿತ್ತು. 1689ರ ಕ್ರಿಸ್ತ ಜಯಂತಿಯ ರಾತ್ರಿ ಅದು ನಿಜವಾಯಿತು. ನಡುರಾತ್ರಿಯ ಪೂಜೆಗೆ ಸೇರಿದ್ದ ಜನರ ಮೇಲೆ ಡಚ್ ಸೈನಿಕರು ಎರಗಿದರು. ಪೂಜಾಸಾಮಗ್ರಿ, ಚಿತ್ರಪಟಗಳನ್ನು ಒಡೆದು ಹಾಕಿದರು. ಜನರನ್ನು ಹಿಡಿದು ಒಯ್ದರು. ಗುರು ಮಾತ್ರ ಅವರ ಕೈಗೆ ಸಿಗಲಿಲ್ಲ. ಮುಖಂಡರಾಗಿದ್ದವರನ್ನು ಕೋಟೆಯಲ್ಲಿ ಬಿಟ್ಟಿ ದುಡಿತಕ್ಕೆ ಹಚ್ಚಿದರು. ಡೊನ್ ಪೆದ್ರೊ ಎಂಬವರು ಚಾವಟಿಯ ಏಟಿನಿಂದ ಪ್ರಾಣಬಿಟ್ಟರು. ಅವರು ಅದಕ್ಕೆ ಸ್ವಲ್ಪ ಮೊದಲಷ್ಟೇ ಡಚ್ಚರ ಪಂಥವನ್ನು ಬಿಟ್ಟು ಕಥೋಲಿಕ ಸಭೆಗೆ ಬಂದವರು.

ತಮ್ಮಿಂದಾಗಿ ಇನ್ನಷ್ಟು ಮನೆಗಳಿಗೆ ಕಷ್ಟ ಬರಬಾರದೆಂದು ಜೋಸೆಫ್ ವಾಜರು 1690ರಲ್ಲಿ ಪುತ್ತಲಂ ಕಡೆಗೆ ಹೊರಟರು. ಅದು ಕ್ಯಾಂಡಿಯ ರಾಜನಿಗೆ ಸೇರಿದ್ದ ಸೀಮೆ, ಡಚ್ಚರ ಕೈಗೆ ಎಟುಕದ್ದು. ಆದರೆ ಜಾಫ್ನಾದಲ್ಲಿ ಅವರು ಬಿಟ್ಟುಹೋದ ಸಭೆ ಏನಾಯಿತು? ಇಲ್ಲಿಯೇ ಇರುವುದು ಅವರ ಜಾಣ್ಮೆ. ಒಂದು ಊರಿನಲ್ಲಿ ಗುರು ವರ್ಷದಲ್ಲಿ ಕೆಲವೇ ದಿನ ಇರಬಲ್ಲ. ಉಳಿದ ದಿನಗಳಲ್ಲಿ ಸಭೆಯನ್ನು ಊರಿನವರೇ ಹೊರಬೇಕು. ಅದಕ್ಕಾಗಿ ಅವರು ಗೃಹಸ್ಥರನ್ನೇ ಸಿದ್ಧಗೊಳಿಸಿದರು. ಒಬ್ಬ ಮುಪ್ಪು, ಒಬ್ಬ ಅಣ್ಣಾವಿ. ಮುಪ್ಪು ಎಂದರೆ ಊರಿನ ಕ್ರೈಸ್ತರ ಹಿರಿಯ. ಪ್ರಾರ್ಥನಾಲಯದ ಬೀಗ ಅವನ ಕೈಯಲ್ಲಿ, ಯಾರ ಮನೆಯಲ್ಲಿ ಕಾಯಿಲೆ, ಯಾರ ಮನೆಯಲ್ಲಿ ಜಗಳ, ಯಾರಿಗೆ ಹೆರಿಗೆ ಎಂಬ ಲೆಕ್ಕ ಅವನ ತಲೆಯಲ್ಲಿ. ಅಣ್ಣಾವಿ ಉಪದೇಶಿ. ಭಾನುವಾರ ಜನರನ್ನು ಕೂಡಿಸಿ ಪ್ರಾರ್ಥನೆ ಓದುವವನು, ಮಕ್ಕಳಿಗೆ ಜಪ ಕಲಿಸುವವನು, ಸಾವಿನ ದವಡೆಯಲ್ಲಿರುವ ಶಿಶುವಿಗೆ ದೀಕ್ಷಾಸ್ನಾನ ಕೊಡುವವನು, ಸಾಯುವವರ ತಲೆದೆಸೆಯಲ್ಲಿ ಕುಳಿತು ಪಶ್ಚಾತ್ತಾಪದ ಪ್ರಾರ್ಥನೆ ಹೇಳಿಕೊಡುವವನು. ಇವರ ಉಪಯೋಗಕ್ಕಾಗಿಯೇ ತಮಿಳು ಮತ್ತು ಸಿಂಹಳ ಭಾಷೆಗಳಲ್ಲಿ ಪ್ರಾರ್ಥನೆಗಳು ಸಿದ್ಧವಾದವು.

ನಮ್ಮ ಮಂಗಳೂರು ಕಡೆಯ ಓದುಗರಿಗೆ ಇದನ್ನು ಓದುವಾಗ ತಮ್ಮ ವಾಳೆಯ ಗುರಿಕಾರರು ನೆನಪಾಗದೆ ಇರಲಾರರು. ಸತ್ತ ಮನೆಗೆ ಮೊದಲು ಬರುವವರು, ಮದುವೆಗೆ ಮುಂಚೆ ವಿಚಾರಿಸುವವರು, ವರ್ಷದ ಕಾಣಿಕೆಗೆ ಬಾಗಿಲು ತಟ್ಟುವವರು ಅವರೇ ತಾನೆ? ಬೇರೆ ಧರ್ಮಪ್ರಾಂತ್ಯಗಳಲ್ಲಿ ಕಿರು ಕ್ರೈಸ್ತ ಸಮುದಾಯಗಳು ಬಂದಿವೆ. ಹೆಸರು ಯಾವುದಾದರೂ ಇರಲಿ, ಕಾಣಿಕೆ ವಸೂಲಿಗೆ ಸೀಮಿತವಾದ ಗುರಿಕಾರಿಕೆ ಮತ್ತು ಕಾಯಿಲೆಯವರ ಲೆಕ್ಕ ಇಟ್ಟುಕೊಳ್ಳುವ ಗುರಿಕಾರಿಕೆ ಇವೆರಡರ ನಡುವೆ ಅಂತರ ಬಹಳ. ಲಂಕೆಯಲ್ಲಿ ಎರಡನೆಯದು ನಡೆದದ್ದರಿಂದ ಗುರುವಿಲ್ಲದ ತಿಂಗಳುಗಳಲ್ಲಿಯೂ ಸಭೆ ಉಸಿರಾಡಿತು.

1692ರಲ್ಲಿ ಅವರು ರಾಜಧಾನಿ ಕ್ಯಾಂಡಿಗೆ ಹೋದರು. ಆಸ್ಥಾನದಲ್ಲಿ ಪ್ರಭಾವವಿದ್ದ ಒಬ್ಬ ಫ್ರೆಂಚ್ ಪ್ರೊಟೆಸ್ಟೆಂಟನ ಚಾಡಿಮಾತಿನಿಂದ ಪೋರ್ಚುಗೀಸರ ಗೂಢಚಾರನೆಂಬ ಆರೋಪ ಬಂತು. ರಾಜ ಎರಡನೇ ವಿಮಲಧರ್ಮಸೂರ್ಯನ ಅಪ್ಪಣೆಯಂತೆ ಸೆರೆಯಾಯಿತು. ಸೆರೆಯಲ್ಲಿದ್ದುಕೊಂಡೇ ಸಿಂಹಳ ಕಲಿತರು. ಕಾವಲು ಸಡಿಲವಾದ ಮೇಲೆ ಅಲ್ಲಿಯೇ ಒಂದು ಗುಡಿಸಲು ಹಾಕಿ ಬಲಿಪೀಠ ಮಾಡಿಕೊಂಡರು. ಹಿಂದೆ ಬಂದಿಗಳಾಗಿ ಬಂದು ಅಲ್ಲೇ ನೆಲೆಸಿದ್ದ ಪೋರ್ಚುಗೀಸರ ಸಂತತಿಯ ಕ್ರೈಸ್ತರು ಒಬ್ಬೊಬ್ಬರಾಗಿ ಅಲ್ಲಿಗೆ ಬರತೊಡಗಿದರು. ಬರಗಾಲದಲ್ಲಿ ಅವರ ಪ್ರಾರ್ಥನೆಯಿಂದ ಮಳೆ ಬಂತು, ರಾಜನ ಮನಸ್ಸು ತಿರುಗಿತು ಎಂದು ಭಕ್ತರು ಹೇಳುತ್ತಾರೆ. ಆ ಮಳೆಯ ಕಥೆಯೇ ಪ್ರಸಂಗಗಳಲ್ಲಿ ಹೆಚ್ಚಾಗಿ ಕೇಳಿಬರುತ್ತದೆ. ನಮಗೆ ಮಾತ್ರ ಅದಕ್ಕಿಂತ 1697ರ ವರ್ಷ ದೊಡ್ಡದಾಗಿ ಕಾಣುತ್ತದೆ.

ಆ ವರ್ಷ ಕ್ಯಾಂಡಿಗೆ ಸಿಡುಬು ಬಂತು. ಇಂದಿನ ಮಕ್ಕಳಿಗೆ ಸಿಡುಬು ಎಂದರೆ ಏನೆಂದು ತಿಳಿಯದು. ಲೋಕದಿಂದಲೇ ಅದು ತೊಲಗಿತೆಂದು 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ನಮ್ಮ ಅಜ್ಜಿಯರ ಕಾಲದವರಿಗೆ ಗೊತ್ತಿತ್ತು. ರೋಗದ ಹೆಸರನ್ನೂ ಎತ್ತದೆ 'ಅಮ್ಮ' ಎನ್ನುತ್ತಿದ್ದರು. ಮೈತುಂಬ ಕೀವಿನ ಗುಳ್ಳೆ, ತಾಳಲಾರದ ಜ್ವರ, ಬದುಕಿದರೆ ಮುಖದ ತುಂಬ ಕಲೆ, ಎಷ್ಟೋ ಜನರಿಗೆ ಕುರುಡು. ಔಷಧವಿರಲಿಲ್ಲ. ಕ್ಯಾಂಡಿಯ ಜನ ಹೆದರಿ, ಮನೆಯಲ್ಲಿ ಕಾಯಿಲೆ ಬಿದ್ದವರನ್ನು ಕಾಡಿಗೆ ಸಾಗಿಸಿ ಅಲ್ಲಿಯೇ ಬಿಟ್ಟುಬಂದರು. ಕೆಲವರು ರೋಗಿಯನ್ನು ಮನೆಯಲ್ಲಿಯೇ ಬಿಟ್ಟು ತಾವು ಓಡಿಹೋದರು. ರಾಜನೂ ಪರಿವಾರವೂ ರಾಜಧಾನಿಯನ್ನು ತೊರೆದರು. ಅವರನ್ನು ನಾವು ಬೈಯುವಂತಿಲ್ಲ. 2020ರಲ್ಲಿ ಕೊರೊನಾ ಬಂದಾಗ ಪಕ್ಕದ ಮನೆಯ ಬಾಗಿಲಿಗೆ ಚೀಟಿ ಅಂಟಿಸಿದ ದಿನ ನಾವು ಹೇಗಿದ್ದೆವು ಎಂದು ಎಲ್ಲರಿಗೂ ನೆನಪಿದೆ.

ಜೋಸೆಫ್ ವಾಜರು ಹೋಗಲಿಲ್ಲ. ಅದೇ ವರ್ಷ ಗೋವೆಯಿಂದ ಬಂದಿದ್ದ ಗುರುಗಳಲ್ಲಿ ಒಬ್ಬರಾದ, ಅವರ ಬಂಧುವೂ ಆಗಿದ್ದ ಜೋಸೆಫ್ ಕಾರ್ವಾಲ್ಯೊ ಜೊತೆಗೆ ನಿಂತರು. ಕಾಡಿನಲ್ಲಿ ಎಸೆದಿದ್ದವರನ್ನು ಹುಡುಕಿ ಹೊತ್ತು ತಂದರು. ಬಿಟ್ಟುಹೋದ ಮನೆಗಳನ್ನು ಗುಡಿಸಿ ರೋಗಿಗಳನ್ನು ಅಲ್ಲಿ ಮಲಗಿಸಿದರು. ಜಾಗ ಸಾಲದೆ ಬಂದಾಗ ಗುಡಿಸಲು ಹಾಕಿದರು. ದಿನಕ್ಕೆ ಎರಡು ಸಲ ಎಲ್ಲರ ಬಳಿಗೂ ಸುತ್ತು. ಹುಣ್ಣು ತೊಳೆಯುವುದು, ಬಟ್ಟೆ ಬದಲಿಸುವುದು, ಬಾಯಿಗೆ ಊಟ ಹಾಕುವುದು, ಹೊಲಸು ಬಳಿಯುವುದು. ಸತ್ತವರಿಗೆ ಗುಂಡಿ ತೋಡಿ ಮಣ್ಣು ಮಾಡುವುದು. ಕ್ರೈಸ್ತ, ಬೌದ್ಧ ಎಂಬ ಭೇದವಿಲ್ಲ. ಹೆಣ ಮುಟ್ಟುವುದು ಯಾರ ಕೆಲಸವೆಂದು ಜಾತಿ ಗೊತ್ತುಮಾಡಿದ್ದ ಕಾಲದಲ್ಲಿ, ಗೋವೆಯ ಆ ಒರೇಟರಿಯಿಂದ ಬಂದ ಇಬ್ಬರು ಗುರುಗಳು ಹೆಣಗಳನ್ನು ಹೊತ್ತರು. ಇದು ಒಂದು ದಿನದ, ಒಂದು ವಾರದ ಮಾತಲ್ಲ. ಸುಮಾರು ಒಂದು ವರ್ಷ ನಡೆಯಿತು.

ಹತ್ತು ವರ್ಷಗಳ ಹಿಂದೆ ಅಂಟುರೋಗದವನೆಂದು ಊರಾಚೆ ದಬ್ಬಿಸಿಕೊಂಡು ಕಾಡಿನ ಅಂಚಿನಲ್ಲಿ ಬಿದ್ದಿದ್ದವರು ಇವರೇ ಅಲ್ಲವೇ? ಕ್ಯಾಂಡಿಯ ಕಾಡಿನಲ್ಲಿ ಬಿದ್ದವರ ಬಾಯಿಗೆ ಅನ್ನ ಹಾಕುವಾಗ ಜಾಫ್ನಾದ ಆ ಹೆಂಗಸಿನ ಮುಖ ಅವರ ಕಣ್ಣ ಮುಂದೆ ಬಂದಿರಬೇಕು ಎಂದು ನಾವು ಊಹಿಸುತ್ತೇವೆ. ಗಂಜಿಯ ಋಣವನ್ನು ಅವಳಿಗೇ ತೀರಿಸಲು ಆಗದಿದ್ದರೂ ತೀರಿಸಲು ಸಾಧ್ಯವಿತ್ತು.

ಈ ಗುರುಗಳು ಇಲ್ಲದಿದ್ದರೆ ರಾಜಧಾನಿಯ ಬೀದಿಗಳು ಹೆಣಗಳಿಂದ ತುಂಬಿಹೋಗುತ್ತಿದ್ದವು ಎಂಬ ಅರ್ಥದ ಮಾತನ್ನು ರಾಜನು ಆಡಿದನೆಂದು ಹಳೆಯ ಬರಹಗಳು ತಿಳಿಸುತ್ತವೆ. ರಾಜನು ಕ್ರೈಸ್ತನಾಗಲಿಲ್ಲ. ಆದರೆ ತನ್ನ ರಾಜ್ಯದಲ್ಲಿ ಕ್ರೈಸ್ತರು ನಿರ್ಭಯವಾಗಿ ಬಾಳಲು, ಗುರುಗಳು ಓಡಾಡಲು ಅಡ್ಡಿಪಡಿಸಲಿಲ್ಲ. ಬೌದ್ಧ ಅರಸನ ಆಶ್ರಯದಲ್ಲಿ, ಯಾವ ಐರೋಪ್ಯ ಸರಕಾರದ ಬೆಂಬಲವೂ ಇಲ್ಲದೆ, ಭಾರತೀಯ ಗುರುಗಳು ಕಟ್ಟಿದ ಸಭೆ ಇದು. ಪೋರ್ಚುಗೀಸರ ತೋಪುಗಳ ರಕ್ಷಣೆಯಲ್ಲಿ ಎದ್ದ ದೊಡ್ಡ ಇಗರ್ಜಿಗಳು ತೋಪುಗಳೊಡನೆಯೇ ಹೋದವು; ರೋಗಿಗಳ ಚಾಪೆಯ ಪಕ್ಕದಲ್ಲಿ ಎದ್ದದ್ದು ಉಳಿಯಿತು. ನಮ್ಮ ಮಾತಿಗೆ ಇದಕ್ಕಿಂತ ಬೇರೆ ಪುರಾವೆ ಬೇಕೆಂದು ನಮಗನಿಸುವುದಿಲ್ಲ.

ಆಮೇಲಿನ ವರ್ಷಗಳಲ್ಲಿ ಅವರ ಕಾಲಿಗೆ ಬಿಡುವಿರಲಿಲ್ಲ. 1696ರಲ್ಲಿಯೇ ಕೊಚ್ಚಿಯ ಧರ್ಮಾಧ್ಯಕ್ಷರು ಅವರನ್ನು ಲಂಕೆಗೆ ಶ್ರೇಷ್ಠ ಗುರುವಾಗಿ ನೇಮಿಸಿದ್ದರು. ರೋಮಿನ ಪ್ರತಿನಿಧಿಯಾಗಿ ಬಂದಿದ್ದ ತುರ್ನೋನ್ ಅವರು ಇನ್ನೂ ದೊಡ್ಡ ಪದವಿ ಕೊಡಲು ಬಯಸಿದಾಗ ಒಲ್ಲೆನೆಂದರು. ವೇಷ ಮರೆಸಿಕೊಂಡು ಡಚ್ಚರ ಸೀಮೆಗೆ, ಕೊಲಂಬೊ ಪಟ್ಟಣಕ್ಕೂ ಹೋಗಿ ಸಂಸ್ಕಾರಗಳನ್ನು ಕೊಟ್ಟು ಬರುತ್ತಿದ್ದರು. ಗೋವೆಯಿಂದ ಒಬ್ಬರ ಹಿಂದೆ ಒಬ್ಬರಂತೆ ಗುರುಗಳು ಬಂದರು. 1705ರಲ್ಲಿ ಬಂದ ಜಾಕೊಮೆ ಗೊನ್ಸಾಲ್ವಿಸ್ ಅವರಂತೂ ಸಿಂಹಳ, ತಮಿಳು ಎರಡರಲ್ಲೂ ಗ್ರಂಥಗಳನ್ನು ಬರೆದು ಅಣ್ಣಾವಿಗಳ ಕೈಗೆ ಓದಲು ಪುಸ್ತಕವನ್ನಿತ್ತರು. ಲಂಕೆಯ ಸಾಹಿತ್ಯ ಚರಿತ್ರೆಯಲ್ಲಿಯೂ ಅವರಿಗೆ ಸ್ಥಾನವಿದೆ. ಅವರ ಬಗ್ಗೆ ಬೇರೆಯೇ ಲೇಖನ ಬರೆಯಬೇಕು.

1711ರ ಜನವರಿ 16ರಂದು ಕ್ಯಾಂಡಿಯಲ್ಲಿ ಜೋಸೆಫ್ ವಾಜರು ಪ್ರಭುವಿನಲ್ಲಿ ನಿದ್ರೆಹೋದರು. ಅರವತ್ತೂ ತುಂಬಿರಲಿಲ್ಲ. ಲಂಕೆಗೆ ಕಾಲಿಟ್ಟ ಮೇಲೆ ಮತ್ತೆ ಗೋವೆಯನ್ನು ನೋಡಲೇ ಇಲ್ಲ. ಅವರನ್ನು ಸಮಾಧಿ ಮಾಡಿದ ಇಗರ್ಜಿ ಇಂದು ಉಳಿದಿಲ್ಲ, ಸಮಾಧಿಯ ಜಾಗವೂ ತಿಳಿದಿಲ್ಲ. ಅದೇ ಸಂಘದ ಸೆಬಾಸ್ತಿಯಾಂವ್ ದೊ ರೆಗೊ ಎಂಬ ಗುರು ಬರೆದ ಅವರ ಜೀವನಚರಿತ್ರೆ 1745ರಲ್ಲಿ ಲಿಸ್ಬನ್ನಿನಲ್ಲಿ ಅಚ್ಚಾಯಿತು. ಪೋರ್ಚುಗಲ್ ಸರಕಾರವು ಧಾರ್ಮಿಕ ಸಂಘಗಳನ್ನೆಲ್ಲ ರದ್ದುಮಾಡಿದಾಗ, 1835ರಲ್ಲಿ, ಗೋವೆಯ ಒರೇಟರಿಯೂ ಮುಚ್ಚಿಹೋಯಿತು.

ಮುಚ್ಚದೆ ಉಳಿದದ್ದು ಮುಪ್ಪು ಮತ್ತು ಅಣ್ಣಾವಿಗಳ ಊರುಗಳು. ಡಚ್ಚರು ಆ ನಂತರವೂ ಎಂಬತ್ತಕ್ಕೂ ಹೆಚ್ಚು ವರ್ಷ ಕರಾವಳಿಯನ್ನಾಳಿದರು. ಕಾನೂನು ಕೆಲವೊಮ್ಮೆ ಬಿಗಿಯಾಯಿತು, ಕೆಲವೊಮ್ಮೆ ಸಡಿಲವಾಯಿತು. 1796ರಲ್ಲಿ ಇಂಗ್ಲಿಷರು ಬಂದರು. 1806ರಲ್ಲಿ ಕಥೋಲಿಕರ ಮೇಲಿದ್ದ ನಿರ್ಬಂಧಗಳನ್ನು ತೆಗೆದುಹಾಕಿದಾಗ, ಒಂದೂವರೆ ಶತಮಾನದ ನಿಷೇಧದ ಬಳಿಕವೂ ಕರಾವಳಿಯುದ್ದಕ್ಕೂ ಕಥೋಲಿಕ ಊರುಗಳಿದ್ದವು. ಅದೇ ಅವಧಿಯಲ್ಲಿ ಸರಕಾರದ ಬಲದಿಂದ ಡಚ್ ಸಭೆಗೆ ಹೆಸರು ಬರೆಸಿಕೊಂಡವರಲ್ಲಿ ಬಹುಪಾಲು ಜನ ಆ ಸರಕಾರ ಹೋದೊಡನೆ ಅದನ್ನು ಬಿಟ್ಟರು.

1995ರ ಜನವರಿ 21ರಂದು ಜಗದ್ಗುರು ಎರಡನೇ ಜಾನ್ ಪೌಲರು ಕೊಲಂಬೊದಲ್ಲಿ ಜೋಸೆಫ್ ವಾಜರನ್ನು ಪುನೀತರೆಂದು ಘೋಷಿಸಿದರು. 2015ರ ಜನವರಿ 14ರಂದು, ಕೊಲಂಬೊದ ಕಡಲತೀರದ ಗಾಲ್ ಫೇಸ್ ಮೈದಾನದಲ್ಲಿ ಜಗದ್ಗುರು ಫ್ರಾನ್ಸಿಸರು ಅವರನ್ನು ಸಂತರ ಶ್ರೇಣಿಗೆ ಸೇರಿಸಿದರು. ಸಾಮಾನ್ಯವಾಗಿ ಬೇಕಾಗುವ ಎರಡನೆಯ ಪವಾಡವನ್ನು ಜಗದ್ಗುರುಗಳು ಕೇಳಲಿಲ್ಲ. ಹತ್ತಾರು ವರ್ಷ ಅಂತರ್ಯುದ್ಧದಲ್ಲಿ ಬೆಂದು, 2009ರಲ್ಲಷ್ಟೇ ಅದರಿಂದ ಹೊರಬಂದಿದ್ದ ನಾಡಿನಲ್ಲಿ ಅಂದಿನ ಬಲಿಪೂಜೆಯ ಪ್ರಾರ್ಥನೆಗಳು ಸಿಂಹಳದಲ್ಲಿಯೂ ತಮಿಳಿನಲ್ಲಿಯೂ ನಡೆದವು. ಆ ಎರಡು ಭಾಷೆಗಳಲ್ಲಿ ಮೊದಲನೆಯದನ್ನು ಜೋಸೆಫ್ ವಾಜರು ಕಲಿತದ್ದು ಕ್ಯಾಂಡಿಯ ಸೆರೆಯಲ್ಲಿ. ಎರಡನೆಯದರಲ್ಲಿ ಅವರು ಮನೆಮನೆಯ ಮುಂದೆ ನಿಂತು ಭಿಕ್ಷೆ ಬೇಡಿದ್ದರು.